ಅಣ್ಣನ ಕಿಡ್ನಿಯ ನೀಲಿ

ಪುಣೆಯ ಒಂದು ಲ್ಯಾಬಿನಲ್ಲಿ ಕಿಡ್ನಿಯ ಚೂರುಗಳಿಗೆ ಬಣ್ಣ ಹಾಕುವುದು ನನ್ನ ಕೆಲಸ. ಸೂಜಿಯಿಂದ ತೆಗೆದ ಚೂರನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣದಲ್ಲಿ ಅದ್ದುತ್ತೇನೆ. ಇನ್ನೂ ಕೆಲಸ ಮಾಡುವ ಭಾಗ ಕೆಂಪಗೆ ನಿಲ್ಲುತ್ತದೆ. ಗಾಯ ಗಟ್ಟಿಯಾಗಿ ಉಳಿದ ಕಲೆ ನೀಲಿಯಾಗುತ್ತದೆ. ಕೆಂಪು ಸಾಕಷ್ಟಿದ್ದರೆ ಉರಿಯೂತ ಇಳಿಸುವ ಔಷಧ ಫಲಿಸುವ ಆಸೆಯಿದೆ. ನೀಲಿಯೇ ತುಂಬಿದ್ದರೆ ಡಯಾಲಿಸಿಸ್ ಮಷೀನೇ ಗತಿ.

ಆ ದಿನ ಟ್ರೇಯಲ್ಲಿದ್ದದ್ದು ನಮ್ಮಣ್ಣನ ಚೂರು.

ಅಣ್ಣ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಕುಲುಮೆಯ ಮುಂದೆ ನಿಂತವನು. ಪದೇ ಪದೇ ಎದ್ದು ಹೋಗಬೇಕಾಗುತ್ತದೆಂದು ನೀರೇ ಕುಡಿಯುತ್ತಿರಲಿಲ್ಲ. ಸೊಂಟನೋವಿಗೆ ದಿನಾ ಎರಡು ಗುಳಿಗೆ. "ಬುದ್ಧಿ ಅದನೋ ಇಲ್ಲೋ ನಿನಗ?" ಎಂದು ಎಷ್ಟು ಸಲ ಒದರಿದ್ದೇನೋ! "ಬಿಡವಾ ತಂಗಿ, ಗಟ್ಟಿ ಅದೀನಿ" ಅನ್ನುತ್ತಿದ್ದ. ಗಟ್ಟಿಯಂತೆ! ಕಿಡ್ನಿಯ ಜೀವಕೋಶಗಳೂ ಅವನ ಹಾಗೇ, ಬಿಡುವಿಲ್ಲದೆ ದುಡಿಯುತ್ತವೆ. ತಮಗೆ ಬೇಕಾದ ಶಕ್ತಿಯನ್ನೂ ತಯಾರಿಸಲಾಗದಷ್ಟು ಸೋತಾಗ ಸುತ್ತ ಉರಿಯೂತ ಏಳುತ್ತದೆ. ಅದು ಆರದೇ ಹೋದರೆ ಕಲೆ ಕಟ್ಟುತ್ತದೆ.

ಆ ಚೂರನ್ನು ಬೇರೆಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ನನ್ನ ಕೈಯ ಹದ ಇನ್ಯಾರಿಗಿದೆ ಎಂಬ ಸೊಕ್ಕು ಬೇರೆ.

ಕೊನೆಗೆ ಗಾಜನ್ನು ಆಮ್ಲ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ತೊಳೆಯಬೇಕು. ಹೆಚ್ಚು ಬಿಟ್ಟರೆ ನೀಲಿ ಪೇಲವವಾಗುತ್ತದೆ. ಎತ್ತಿ ನೋಡಿದೆ. ಬರಿಗಣ್ಣಿಗೇ ನೀಲಿ ಕಂಡಿತು. ಮತ್ತೆ ಅದ್ದಿದೆ. ಹೊತ್ತು ಮೀರಿದರೂ ಕೈ ಎತ್ತಲಿಲ್ಲ. ಬಿಳಿ ಅಂಗಿಯ ಕಲೆ ತೆಗೆಯುವವಳ ಹಾಗೆ ಅಲ್ಲಾಡಿಸುತ್ತಲೇ ಇದ್ದೆ. ಬಣ್ಣ ಹೋದರೆ ಗಾಯ ಹೋಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಪೇಲವವಾದ ಆ ಗಾಜನ್ನು ಪರೀಕ್ಷಿಸಿದ ಲ್ಯಾಬಿನ ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ನನ್ನನ್ನೇ ನೋಡಿದರು. "ಪುನ್ಹಾ ಕರಾ," ಎಂದರು. ಮತ್ತೆ ಮಾಡಿ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಉಳಿದಿದ್ದ ಚೂರಿಗೆ ಗಡಿಯಾರ ನೋಡಿಕೊಂಡು ಬಣ್ಣ ಹಾಕಿದೆ. ಗಾಜಿನ ತುಂಬ ನೀಲಿ.

ಎರಡು ದಿನದ ಮೇಲೆ ಅಣ್ಣ ಆಸ್ಪತ್ರೆಯಿಂದ ನೇರ ಖಡಕಿಯ ನಮ್ಮ ಮನೆಗೆ ಬಂದ. "ಗುಳಿಗಿ ಇನ್ನ ಹತ್ತಂಗಿಲ್ಲಂತ. ಮಷೀನಿಗೇ ಹೋಗ್ಬೇಕಂತ," ಎಂದ. ನನಗೆ ತಡೆಯಲಾಗಲಿಲ್ಲ. ಮೊದಲ ಗಾಜನ್ನು ತೊಳೆದು ತೊಳೆದು ಕೆಡಿಸಿದ್ದನ್ನು ಅಳುತ್ತಲೇ ಹೇಳಿಬಿಟ್ಟೆ.

ಅವನು ಗಾಬರಿಯಾದ. "ನಿನ್ನ ನೌಕರಿಗೇನೂ ತೊಂದ್ರಿ ಆಗ್ಲಿಲ್ಲೇನು?"

"ನಿಂದು ನೋಡ್ಕೋ ಮೊದ್ಲ!" ಎಂದು ರೇಗಿದೆ. ಅಂಥ ಹೊತ್ತಲ್ಲೂ ನನ್ನ ಚಿಂತೆ ಮಾಡುತ್ತಾನಲ್ಲ!

"ಆತು ಬಿಡವಾ, ಅಳಬ್ಯಾಡ," ಎಂದು ತಲೆ ಸವರಿದ. "ಎರಡನೇದಾದ್ರೂ ಚಲೋ ಬಂತಿಲ್ಲೋ?"

"ಹೂಂ ಅಣ್ಣಾ," ಎಂದೆ. "ಭಾಳ ಚಲೋ ಬಂತು."