ಜಲ್ಲಿಯಲ್ಲಿ ಸಿಕ್ಕ ಎರಡು ಹಲ್ಲುಗಳು

ಕ್ವಾಪೆಲ್ ಕಣಿವೆಯ ಜಲ್ಲಿ ಕ್ವಾರಿಯಲ್ಲಿ ತೆಕ್ಲಾ ಬರಾನಿಯುಕ್ ಇಪ್ಪತ್ತೆರಡು ವರ್ಷ ಜರಡಿಯ ಪಕ್ಕ ನಿಂತು ದುಡಿದಳು. ಮಣ್ಣುಹೆಂಟೆ, ಬೇರು, ಮೂಳೆ, ಜಲ್ಲಿಯಲ್ಲದ್ದೆಲ್ಲ ಅವಳ ಕೈಯಿಂದ ಆಚೆ ಬೀಳಬೇಕು. ಕಣಿವೆ ಒಂದು ಮೈಲಿ ಅಗಲ; ಅದರೊಳಗಿನ ಹೊಳೆಯನ್ನು ಬೇಸಿಗೆಯಲ್ಲಿ ಹಸುಗಳು ಮೊಣಕಾಲಷ್ಟೇ ನೆನೆಸಿಕೊಂಡು ದಾಟುತ್ತವೆ. ಇಷ್ಟು ಸಣ್ಣ ಹೊಳೆ ಅಷ್ಟು ದೊಡ್ಡ ಕಣಿವೆಯನ್ನು ಕೊರೆದದ್ದು ಹೇಗೆಂದು ಊರಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮೊದಲ ವರ್ಷವೇ ಜರಡಿಯ ಮೇಲೆ ಇಡೀ ಬ್ರೆಡ್ಡಿನಷ್ಟು ದಪ್ಪದ ಹಲ್ಲೊಂದು ಬಂತು. ಕುದುರೆಯದಿರಬೇಕು ಎಂದು ಯಾರೋ ಅಂದದ್ದನ್ನು ಅವಳು ಮನೆಯಲ್ಲಿ ಹೇಳಿದಳು.

ಗಂಡ ಮೆಟ್ರೋ ನಕ್ಕ. "ಇಂಥಾ ಹಲ್ಲಿನ ಕುದುರೆ ಇದ್ದಿದ್ರೆ ನಮ್ಮಪ್ಪ ಟ್ರ್ಯಾಕ್ಟರ್ ಯಾಕೆ ಕೊಳ್ತಿದ್ದ?"

ತೆಕ್ಲಾ ಹಟಕ್ಕೆ ಬಿದ್ದು ಮ್ಯೂಸಿಯಮ್ಮಿಗೆ ಕಾಗದ ಬರೆದಳು. ಎರಡು ವಾರದಲ್ಲಿ ಬರುವೆನೆಂದು ಹಾಲ್ವರ್ಸನ್ ಎಂಬ ಭೂವಿಜ್ಞಾನಿ ಉತ್ತರಿಸಿದ. ಆ ಕಡೆ ಒದ್ದೆಯಾದದ್ದೆಲ್ಲ, ಕಾಲುಚೀಲವಾಗಲಿ ಅಣಬೆಯಾಗಲಿ, ಒಲೆಯ ಹಿಂದೆ ಒಣಗಬೇಕು. ಅವಳು ಹಲ್ಲನ್ನೂ ಅಲ್ಲೇ ಇಟ್ಟಳು. ಹಾಲ್ವರ್ಸನ್ ಬರುವ ಹೊತ್ತಿಗೆ ಅದು ಹೋಳು ಹೋಳಾಗಿ ಬಿಚ್ಚಿಕೊಂಡಿತ್ತು.

ಮ್ಯಾಮತ್‌ನದು, ಎಂದ ಆತ, ಹಿಮಯುಗದ ಆನೆ. ಹಿಮಗಡ್ಡೆ ಕರಗಿದ ನೀರೇ ಈ ಕಣಿವೆಯನ್ನು ಕೊರೆದದ್ದು. ಹಿಮ ಬಿಟ್ಟುಹೋದ ಬಂಡೆಮಣ್ಣಿನ ಪದರದ ಕೆಳಗೆ ಹಲ್ಲು ಸಿಕ್ಕಿದ್ದರೆ ಆ ಪ್ರಾಣಿ ಹಿಮಕ್ಕೂ ಮೊದಲಿನದು, ಮೇಲೆ ಸಿಕ್ಕಿದ್ದರೆ ಆಮೇಲಿನದು. ಯಾವ ಪದರದಲ್ಲಿತ್ತು ಎಂದು ಕೇಳಿದ. ಜರಡಿಗೆ ಬಂದದ್ದರ ಜಾಗ ಅವಳಿಗೇನು ಗೊತ್ತು? ಆತ ಪುಸ್ತಕದಲ್ಲಿ 'ಜಾಗ ತಿಳಿಯದು' ಎಂದು ಬರೆದುಕೊಂಡು ಚೂರುಗಳನ್ನು ಒಯ್ದ.

ಆ ಎರಡು ಪದ ಅವಳನ್ನು ಮುಳ್ಳಿನ ಹಾಗೆ ಚುಚ್ಚುತ್ತಿದ್ದವು. ಇನ್ನೊಂದು ಹಲ್ಲು ಸಿಗಬೇಕು, ಇಡಿಯಾಗಿ ಉಳಿಯಬೇಕು, ಜಾಗ ಬರೆಸಬೇಕು: ಅವಳಿಗಿದ್ದ ಆಸೆ ಅಷ್ಟೇ. ಮೆಟ್ರೋ ಮಾತ್ರ ಅಣಬೆ ಸಾರು ಬಡಿಸಿದಾಗಲೆಲ್ಲ ಇದರಲ್ಲಿ ಆನೆ ಎಷ್ಟು ಹಾಕಿದ್ದೀಯೆಂದು ಕೇಳುತ್ತಿದ್ದ. ಇಪ್ಪತ್ತು ವರ್ಷ ಕೇಳಿದ.

ಇಪ್ಪತ್ತೆರಡನೆಯ ವರ್ಷ, ಬುತ್ತಿ ತಿನ್ನುತ್ತ ಕೂತಿದ್ದಾಗ, ಎದುರಿನ ಕಡಿದ ಗೋಡೆಯಲ್ಲೇ ಹಲ್ಲು ಕಂಡಿತು. ಜಲ್ಲಿ ಬಾಚುವ ಲೋಡರ್ ಬಂದೇ ಬಿಟ್ಟಿತ್ತು. ಅವಳು ಅದರ ಮುಂದೆ ಹೋಗಿ ನಿಂತಳು; ಚಾಲಕ ಬೈದ, ಅವಳು ಕದಲಲಿಲ್ಲ. ಹುಲ್ಲಿನ ಪೆಂಡಿ ಕಟ್ಟುವ ದಾರವನ್ನು ಬಂಡೆಮಣ್ಣಿನ ತಳದಿಂದ ಹಲ್ಲಿನವರೆಗೆ ಇಳಿಬಿಟ್ಟು, ಹಲ್ಲು ಇದ್ದಲ್ಲಿ ಗಂಟು ಹಾಕಿಕೊಂಡಳು.

ಅವಳ ಕಾಗದಕ್ಕೆ ಹಾಲ್ವರ್ಸನ್ ಈ ಸಲ ಕೂಡಲೇ ಬರೆದು ತಿಳಿಸಿದ: ಬೇಗ ಒಣಗಿದರೆ ಬಿರಿಯುತ್ತದೆ; ಒದ್ದೆ ಮರಳು, ಒದ್ದೆ ಗೋಣಿ, ಆಗಾಗ ಚೂರು ನೀರು, ಎರಡು ವರ್ಷ ನಿಧಾನವಾಗಿ ಒಣಗಲಿ, ಒಣಗಿದ ಮೇಲೆ ಬರುತ್ತೇನೆ. ಹಲ್ಲು ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಪಕ್ಕ ಕೂತಿತು. ಜಾಗ ಹಾಳು ಎಂದು ಮೆಟ್ರೋ ಗೊಣಗಿದ.

ಮೊದಲ ಚಳಿಗಾಲದಲ್ಲೇ ಪಿತ್ತಕೋಶದ ಕಲ್ಲಿಗೆ ಅವಳು ಐದು ವಾರ ಆಸ್ಪತ್ರೆ ಸೇರಬೇಕಾಯಿತು. ಕ್ವಾರಿಯಲ್ಲಿ ಹೆಕ್ಕಿದ್ದು ಸಾಲದೆ ಹೊಟ್ಟೆಯಲ್ಲೂ ತುಂಬಿಕೊಂಡಳು ಎಂದ ಮೆಟ್ರೋ. ಗೋಣಿಗೆ ನೀರು ಚಿಮುಕಿಸು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ, ನಕ್ಕಾನೆಂದು. ಮಂಡಿನೋವಿನ ಅವನು ಮೆಟ್ಟಿಲಿಳಿದು ವರ್ಷವಾಗಿತ್ತು. ಮತ್ತೊಮ್ಮೆ ಹೋಳಾಯಿತು ಎಂದುಕೊಂಡೇ ಅವಳು ಆಸ್ಪತ್ರೆಯಲ್ಲಿ ದಿನ ಕಳೆದಳು.

ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಕೆಳಗಿಳಿದಳು. ಗೋಣಿ ಒದ್ದೆಯಿತ್ತು. ಪಕ್ಕದ ಬಕೆಟ್ಟಿನಲ್ಲಿ ಮೆಟ್ರೋನ ಚಹಾ ಲೋಟ ತೇಲುತ್ತಿತ್ತು.

"ನೀನಾ ನೀರು ಹಾಕಿದ್ದು?" ಎಂದು ಕೆಳಗಿನಿಂದಲೇ ಕೇಳಿದಳು.

"ಆಲೂಗಡ್ಡೆ ಬಾಡ್ತಿತ್ತು," ಎಂದ ಮೆಟ್ರೋ ಮೇಲಿನಿಂದ.

ಕೂಡಿಟ್ಟ ಆಲೂಗಡ್ಡೆಗೆ ನೀರು ತಾಗಿದರೆ ಕೊಳೆಯುತ್ತದೆಂದು ಆ ಊರಿನ ಮಕ್ಕಳಿಗೂ ಗೊತ್ತು. ಅವಳು ಸ್ವಲ್ಪ ಹೊತ್ತು ಅಲ್ಲೇ ಕೂತು ಅತ್ತಳು.

ಮುಂದಿನ ವರ್ಷದ ಕೊನೆಗೆ ತಲೆ ನರೆತ ಹಾಲ್ವರ್ಸನ್ ಬಂದ. ದಾರ ಅಳೆದು, 'ಬಂಡೆಮಣ್ಣಿನ ಕೆಳಗೆ, ನಾಲ್ಕು ಅಡಿ' ಎಂದು ಬರೆದುಕೊಂಡ. ಇಷ್ಟು ಚೆನ್ನಾಗಿ ಉಳಿಸಿದವರು ಯಾರು, ಹೆಸರು ಬರೆಯಬೇಕು, ಎಂದ.

ಮೆಟ್ರೋ ಕಿಟಕಿಯ ಆಚೆ ನೋಡುತ್ತಿದ್ದ.

"ಇಬ್ಬರದೂ ಬರೀರಿ," ಎಂದಳು ತೆಕ್ಲಾ. "ಆ ವರ್ಷ ನಮ್ಮ ಆಲೂಗಡ್ಡೆ ಒಂದೂ ಉಳೀಲಿಲ್ಲ."