ನಾಲ್ಕನೇ ಲೇನಿನ ತೂಕದಮ್ಮ

ನನ್ನ ತಂಗಿಗೆ ಲಾರಿ ಡ್ರೈವರುಗಳು ಇಟ್ಟ ಹೆಸರು ತೂಕದಮ್ಮ. ಲಾರಿ ತೂಗುವ ಕಟ್ಟೆಯ ಪಕ್ಕದ ಗಾಜಿನ ಗೂಡಿನಲ್ಲಿ ಹದಿನಾಲ್ಕು ವರ್ಷದಿಂದ ಕೂತು, ತುಂಬಿದ ಗಾಡಿ ಎಷ್ಟು, ಖಾಲಿ ಗಾಡಿ ಎಷ್ಟು ಎಂದು ಚೀಟಿ ಹರಿದು ಕೊಡುತ್ತಾಳೆ. ಹತ್ತು ಕೆಜಿ ತಾನೇ, ಬಿಡಿ ಅತ್ಲಾಗೆ ಎಂದು ಯಾರಾದರೂ ಹಲ್ಲು ಗಿಂಜಿದರೆ ಮುಗಿಯಿತು, ಕ್ಲೀನರನ್ನು ಕೆಳಗಿಳಿಸಿ ಇನ್ನೊಮ್ಮೆ ತೂಗುವವಳೇ. ಒಡಹುಟ್ಟಿದ ನನಗೇ ಕೆಲವೊಮ್ಮೆ ಇವಳ ಸಹವಾಸ ಸಾಕಪ್ಪಾ ಅನ್ನಿಸುತ್ತದೆ.

ಅವಳಿಗೆ ಮೂರು ಮಕ್ಕಳು, ಮೂವರಿಗೂ ಒಂದೊಂದು ಆಟ. ದೊಡ್ಡವನು ಫುಟ್‌ಬಾಲ್, ಚಿಕ್ಕವಳು ಬ್ಯಾಡ್ಮಿಂಟನ್, ನಡುವಿನವಳು ಈಜು. ಪಂದ್ಯಗಳ ಕಾಲ ಶುರುವಾಯಿತೆಂದರೆ ಇಡೀ ಮನೆ ಕಾಲಿಗೆ ಚಕ್ರ ಕಟ್ಟಿಕೊಳ್ಳುತ್ತದೆ. ಕುರ್ಚಿಗಳ ಬೆನ್ನಿಗೆಲ್ಲ ಒದ್ದೆ ಟವೆಲ್ಲು, ಕೆಸರು ಮೆತ್ತಿದ ಕಾಲುಚೀಲ. ಒಂದು ಶನಿವಾರ ತಂಗಿಯ ಗಂಡ ಚಿಕ್ಕವಳನ್ನು ಆಟದ ಅಂಗಳದಲ್ಲೇ ಮರೆತು ಬಂದು, ಊಟಕ್ಕೆ ಕೂತಾಗ ಒಂದು ತಟ್ಟೆ ಖಾಲಿ ಇರುವುದನ್ನು ಕಂಡು ಓಡಿದ್ದೂ ಉಂಟು. ನನಗೋ ಮೂಗಿನ ತುದಿಯಲ್ಲೇ ಕೋಪ. ಇದು ಮನೆಯೋ ಬಸ್ ಸ್ಟ್ಯಾಂಡೋ ಎಂದು ಬೈಯುತ್ತಲೇ ಕಾರಿನ ಕೀ ಕೈಗೆತ್ತಿಕೊಳ್ಳುತ್ತಿದ್ದೆ.

ಅದು ವರ್ಷದ ಕೊನೆಯ ಈಜು ಸ್ಪರ್ಧೆ. ಅಂಗಾತ ಮಲಗಿ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಿ ಐವತ್ತು ಮೀಟರನ್ನು ಮೂವತ್ತಾರು ಸೆಕೆಂಡಿನೊಳಗೆ ಮುಗಿಸಿದವರಿಗೆ ಮಾತ್ರ ದೊಡ್ಡ ತರಬೇತಿ ಶಿಬಿರಕ್ಕೆ ಸೀಟು. ಹುಡುಗಿಗೆ ಮುಂದಿನ ತಿಂಗಳು ಹದಿಮೂರು ತುಂಬುತ್ತಿತ್ತು. ಆಮೇಲೆ ಆ ಶಿಬಿರದ ವಯಸ್ಸೇ ದಾಟಿಹೋಗುತ್ತಿತ್ತು. ಎರಡು ವರ್ಷ ನಸುಕಿಗೇ ಎದ್ದು ನೀರಿಗಿಳಿದದ್ದೆಲ್ಲ ಈ ಒಂದು ಸಲಕ್ಕಾಗಿ. ಬೆಳಿಗ್ಗೆಯಿಂದ ಅವಳ ಗಂಟಲಲ್ಲಿ ಒಂದು ತುತ್ತು ಇಳಿದಿರಲಿಲ್ಲ. ಅವಳಮ್ಮನಿಗೂ ಅಷ್ಟೇ.

ಇಂಥ ಸ್ಪರ್ಧೆಗಳಲ್ಲಿ ಗುಂಡಿ ಒತ್ತಿ ಸಮಯ ಅಳೆಯುವ ಗಡಿಯಾರ ಹಿಡಿಯುವವರು ಅಪ್ಪ ಅಮ್ಮಂದಿರೇ. ಒಂದೊಂದು ಲೇನಿಗೆ ಇಬ್ಬರು. ಇಬ್ಬರ ಸಮಯದ ಸರಾಸರಿಯೇ ಮಗುವಿನ ಸಮಯ. ಯಾರನ್ನೂ ಅವರವರ ಮಗು ಈಜುವ ಲೇನಿಗೆ ನಿಲ್ಲಿಸುವುದಿಲ್ಲ. ಆದರೆ ಆ ದಿನ ನಾಲ್ಕನೇ ಲೇನಿನ ಒಬ್ಬಾಕೆ ಫೋನ್ ಬಂತೆಂದು ಹೊರಗೆ ಹೋದವಳ ಪತ್ತೆಯೇ ಇಲ್ಲ. ಸ್ಪರ್ಧೆ ನಡೆಸುತ್ತಿದ್ದ ಮೇಷ್ಟ್ರು ಸುತ್ತ ನೋಡಿ, ಬಿಡುವಾಗಿದ್ದ ನನ್ನ ತಂಗಿಯ ಕೈಗೆ ಗಡಿಯಾರ ತುರುಕಿದರು.

“ಸಾರ್, ಅದು ನನ್ನ ಮಗಳ ಲೇನು.”

“ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ ತಾಯಿ? ನಿಂತ್ಕೊಳ್ಳಿ.”

ಪಕ್ಕದ ಲೇನಿನವರೊಂದಿಗೆ ಜಾಗ ಬದಲಿಸಲು ಅವಳು ಹೆಜ್ಜೆ ತೆಗೆಯುವಷ್ಟರಲ್ಲಿ ಸೀಟಿ ಊದಿದರು. ಮಕ್ಕಳು ನೀರಿಗಿಳಿದರು. ನಾನು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ, ಕೂತಿದ್ದೆ ಅನ್ನುವುದು ಸುಳ್ಳು, ಕಂಬಿ ಹಿಡಿದು ನಿಂತಿದ್ದೆ.

ಹುಡುಗಿ ಆ ದಿನ ಈಜಿದ ಹಾಗೆ ಎಂದೂ ಈಜಿರಲಿಲ್ಲ. ಹೋಗಿ ತಿರುಗಿ ಬರುವಾಗ ನಾನು ಕಂಬಿ ಬಡಿದು ಕೂಗುತ್ತಿದ್ದೆ. ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲ, ಮೇಲೆ ಬಗ್ಗಿ ನಿಂತವರು ಕಾಣುತ್ತಾರೆ. ನನ್ನ ತಂಗಿ ಬಗ್ಗಿದ್ದಳು, ಮಗಳು ಕೈ ಹಿಂದಕ್ಕೆ ಚಾಚಿದಳು, ಗೋಡೆಗೆ ಬಡಿದಳು.

ಅದೇ ಲೇನಿಗೆ ನಿಂತಿದ್ದ ಇನ್ನೊಬ್ಬರು, ಕನ್ನಡಕದವರ ಗಡಿಯಾರದಲ್ಲಿ ಮೂವತ್ತಾರು ಪಾಯಿಂಟ್ ಒಂದು. ತಂಗಿಯದರಲ್ಲಿ ಮೂವತ್ತೈದು ಪಾಯಿಂಟ್ ಏಳು. ಕನ್ನಡಕದವರು ಮನಸ್ಸಿನಲ್ಲೇ ಕೂಡಿ ಭಾಗಿಸಿ, ಮೂವತ್ತೈದು ಪಾಯಿಂಟ್ ಒಂಬತ್ತು, ಸೀಟು ಸಿಕ್ಕಿತು ಬಿಡಿ ಎಂದು ನಕ್ಕರು. ಅದು ನನಗೂ ಕೇಳಿಸಿತು. ದೇವರೇ ಎಂದು ಕೂತುಬಿಟ್ಟೆ.

ತಂಗಿ ಮಾತ್ರ ಇಬ್ಬರ ಸಮಯ ಬರೆದ ಚೀಟಿ ಹಿಡಿದು ಅಲ್ಲಾಡದೆ ನಿಂತಿದ್ದಳು. ಕೆಳಗೆ ಹುಡುಗಿ ಲೇನಿನ ಹಗ್ಗ ಹಿಡಿದು, ಏದುಸಿರು ಬಿಡುತ್ತಾ, ಅಮ್ಮನನ್ನೇ ನೋಡುತ್ತಿದ್ದಳು. ಮೇಷ್ಟ್ರು ಚೀಟಿಗಾಗಿ ಕೈ ಚಾಚಿದರು. ಇವಳು ಕೊಡಲಿಲ್ಲ. ಅವರು ಎರಡನೇ ಸಲ ಕೇಳಿದರು.

“ನನ್ನ ಟೈಮ್ ಬರ್ಕೋಬೇಡಿ ಸಾರ್. ಅವಳ ಕೈ ಗೋಡೆ ಮುಟ್ಟೋಕೆ ಮುಂಚೇನೇ ಒತ್ತಿಬಿಟ್ಟೆ.”

ಇಬ್ಬರ ನಡುವೆ ಅಷ್ಟು ವ್ಯತ್ಯಾಸ ಇದ್ದದ್ದೇ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಕನ್ನಡಕದವರೂ ಹೌದೆಂದರು. ಇವಳು ಜಪ್ಪಯ್ಯ ಅಂದರೂ ಕೇಳಲಿಲ್ಲ. ತನ್ನ ಅಂಕಿಯ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದಳು. ಉಳಿದದ್ದು ಮೂವತ್ತಾರು ಪಾಯಿಂಟ್ ಒಂದು. ಹುಡುಗಿ ನೀರಿನಲ್ಲಿ ಮುಳುಗಿ, ತುಂಬ ಹೊತ್ತಿನ ಮೇಲೆ ಎದ್ದಳು.

ನನ್ನ ಪಿತ್ತ ನೆತ್ತಿಗೇರಿತು. ಕಾರಿನ ಹತ್ತಿರ ಬರುವವರೆಗೂ ತಡೆಯಲಾಗಲಿಲ್ಲ. ಹೆತ್ತ ಮಗಳೇನು ಮರಳಿನ ಲಾರಿಯೇನೇ ಎಂದುಬಿಟ್ಟೆ. ಅವಳು ನಡೆದು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಇನ್ನೂ ಬೈಯುವುದು ಬಹಳ ಇತ್ತು. ಮನೆ ಬರಲಿ ಎಂದು ಕೂಡಿಟ್ಟುಕೊಂಡೆ.

ಅರ್ಧ ದಾರಿಯಲ್ಲಿ ಹುಡುಗಿ ಹಿಂದಿನ ಸೀಟಿನಿಂದ ಮೆಲ್ಲಗೆ ಹೇಳಿದಳು.

“ಅಮ್ಮಾ, ನಿನ್ನ ಹೆಬ್ಬೆರಳು ನಂಗೆ ಕಾಣಿಸ್ತು. ನೀನು ಒತ್ತಿದಾಗ ನನ್ನ ಕೈ ಇನ್ನೂ ನೀರಲ್ಲೇ ಇತ್ತು.”

ಹುಡುಗಿ ಮುಂದಕ್ಕೆ ಬಾಗಿದಳು.

“ನೀನು ಹೇಳ್ದೇ ಇರ್ಲಿ, ಹೇಳ್ದೇ ಇರ್ಲಿ ಅಂತ ಹಗ್ಗ ಹಿಡ್ಕೊಂಡು ಬೇಡ್ಕೋತಿದ್ದೆ.”

“ನಾನೂ ಹಾಗೇ ಬೇಡ್ಕೊಂಡೆ ಕಣೇ,” ಎಂದಳು ತಂಗಿ. “ನೀನು ನೋಡಿರಬಾರದು, ನಾನೂ ಹೇಳ್ದೇ ಇರ್ಬೋದು ಅಂತ.”

ಆಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡಳು. ಹುಡುಗಿ ಹಿಂದಿನಿಂದ ತನ್ನ ಒದ್ದೆ ಟವೆಲ್ಲನ್ನೇ ಮುಂದಕ್ಕೆ ಚಾಚಿದಳು. ತಂಗಿ ಅದರಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದುವರೆಗೆ ಅವಳು ಅತ್ತದ್ದನ್ನು ನಾನು ಕಂಡೇ ಇರಲಿಲ್ಲ. ಮನೆ ಬಂದರೂ ಯಾರೂ ಇಳಿಯಲಿಲ್ಲ. ನಾನು ಕೂಡಿಟ್ಟುಕೊಂಡಿದ್ದ ಬೈಗುಳದಲ್ಲಿ ಒಂದು ಮಾತೂ ಹೊರಗೆ ಬರಲಿಲ್ಲ.