ಬಂಡೆಯ ನಡಿಗೆ ಅರಿತವರು: ಡಾ. ಮೌನೇಶ್ವರಿ ಪತ್ತಾರ

ಭೂಕುಸಿತ ಮತ್ತು ಜ್ವಾಲಾಮುಖಿಗಳ ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡುವ ವಿಜ್ಞಾನದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದು, ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಡಾ. ಮೌನೇಶ್ವರಿ ಪತ್ತಾರ ಅವರು ಸುರಪುರದ ಮಗಳು ಎಂಬುದು ನಮ್ಮ ಜಿಲ್ಲೆಯ ಹೆಮ್ಮೆ. ಅವರು ಬರೆದ ನಕಾಶೆಗಳನ್ನು ನೋಡಿ ಎಷ್ಟೋ ಗುಡ್ಡಗಾಡು ರಸ್ತೆಗಳು ದಿಕ್ಕು ಬದಲಿಸಿವೆ, ಶಾಲೆಗಳು ಜಾಗ ಬದಲಿಸಿವೆ. ಆದರೂ ಅವರ ವಿದ್ಯೆಗೆ ಅತಿ ಕಠಿಣ ಪರೀಕ್ಷೆ ಸ್ವಂತ ಓಣಿಯಲ್ಲೇ ಕಾದಿತ್ತು.

ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ ಮೌನೇಶ್ವರಿಯವರು ಬಸ್ಸಿನಲ್ಲಿ ಶಹಾಪುರದ ಕಾಲೇಜಿಗೆ ಹೋಗಿ ಬಂದು ವಿಜ್ಞಾನ ಓದಿದರು. ಕಲಬುರಗಿಯಲ್ಲಿ ಭೂವಿಜ್ಞಾನದ ಉನ್ನತ ಪದವಿ ಪಡೆದರು. ಸೇವೆಯ ಮೊದಲ ವರ್ಷಗಳು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಬೂದಿಯನ್ನು ಅಭ್ಯಸಿಸುವುದರಲ್ಲಿ ಕಳೆದವು. ಕೆಲಸ ಕಲಿಯಲು ಜೊತೆಗೆ ಬಂದು ಹಡಗಿನಲ್ಲಿ ವಾಂತಿಯಿಂದ ಬಳಲಿದ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು, ಊರಿಂದ ತಂದ ಚುರುಮುರಿಯನ್ನು ಒಂದೊಂದೇ ಹಿಡಿ ತಿನ್ನಿಸಿದ ಅವರ ತಾಯ್ತನವನ್ನು ಆ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಮುಂದೆ ಹಿಮಾಲಯದ ಇಳಿಜಾರುಗಳಿಗೆ ಹೋದಾಗ ಅವರು ಒಂದು ಪದ್ಧತಿ ರೂಢಿಸಿಕೊಂಡರು. ಊರು ತಲುಪಿದೊಡನೆ ಉಪಕರಣ ಬಿಚ್ಚದೆ ಮನೆಮನೆಗೆ ಹೋಗಿ, ಯಾವ ಬಾಗಿಲು ಈಚೆಗೆ ಸರಿಯಾಗಿ ಮುಚ್ಚುತ್ತಿಲ್ಲ, ಯಾವ ಗೋಡೆ ಬಿರಿದಿದೆ ಎಂದು ವಿಚಾರಿಸುವುದು. ನೆಲ ಸರಿಯುವುದು ಮೊದಲು ಗೊತ್ತಾಗುವುದು ಮನೆಯೊಳಗೇ ಎಂದು ಅವರು ನಮಗೆ ಕಲಿಸಿದರು.

ಮೂರು ವರ್ಷಗಳ ಹಿಂದೆ ದಸರೆಗೆ ಊರಿಗೆ ಬಂದಾಗ ಸೋದರತ್ತೆ ಮರಿಲಿಂಗಮ್ಮ ತಮ್ಮ ಮನೆಯ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದರು. ಗುಡ್ಡದ ಇಳಿಜಾರಿನಲ್ಲಿರುವ ಆ ಮನೆಯ ಒಂದು ಬದಿಗೆ ಗೋಡೆಯೇ ಇಲ್ಲ; ಓಣಿಯವರು ಗುಂಡು ಎಂದು ಕರೆಯುವ ಆನೆಗಾತ್ರದ ಬಂಡೆಯೇ ಗೋಡೆ. ಗಾರೆಯ ಅಮೀನಸಾಬರು ಕಟ್ಟಿದ ಗೋಡೆ ಆ ಬಂಡೆಗೆ ಕೂಡುವಲ್ಲಿ ವರ್ಷವರ್ಷವೂ ಸಂದು ಬಿಡುತ್ತಿತ್ತು. ಅದನ್ನು ತುಂಬಿ ನೀಲಿ ಬೆರೆಸಿದ ಸುಣ್ಣ ಬಳಿಯುವುದು, ಕೆಳಗಿನ ಓಣಿಯಲ್ಲಿರುವ ಅಮೀನಸಾಬರನ್ನು ಕೂಗಿ ಕೆಣಕುವುದು, ಎರಡೂ ಹಬ್ಬದ ಕೆಲಸಗಳೇ ಆಗಿದ್ದವು.

"ಏ ಅಮೀನಸಾಬ, ನಿನ್ನ ಗೋಡಿ ಈ ವರ್ಷಾನೂ ಒಂದ್ ಬುಟ್ಟಿ ಸಿಮೆಂಟ್ ತಿಂತು ನೋಡಪ! ಹೊಟ್ಟಿ ತುಂಬವಲ್ದು ಅದಕ್ಕ."

"ಅಕ್ಕಾ, ನಾ ಕಟ್ಟಿದ ಗೋಡಿ ಅಲ್ಲಾಡಂಗಿಲ್ರಿ. ಎಷ್ಟು ವರ್ಷ ಹೇಳ್ಲಿ ನಿಮಗ?"

ಮೌನೇಶ್ವರಿಯವರು ಅಂದಿನ ಹಸಿ ಸಿಮೆಂಟನ್ನು ತೆಗೆದು, ಒಳಗಿನ ಹಳೆಯ ಮೆತ್ತಿಗೆಯ ಒಂದು ತುಂಡನ್ನು ಕಿತ್ತು ಬಿಸಿಲಿಗೆ ಹಿಡಿದರು. ಸಿಮೆಂಟು, ನೀಲಿ ಸುಣ್ಣ, ಮತ್ತೆ ಸಿಮೆಂಟು, ಮತ್ತೆ ಸುಣ್ಣ: ಪ್ರತಿ ದಸರೆಗೂ ಒಂದು ಪದರ. ಹಳೆಯ ಪದರಗಳು ಕಾಗದದಷ್ಟು ತೆಳುವು. ಹೊಸವು ಬೆರಳಿನಷ್ಟು ದಪ್ಪ. ಅಮೀನಸಾಬರನ್ನೇ ಕರೆಸಿ ದಾರಕ್ಕೆ ಕಟ್ಟಿದ ತೂಕವನ್ನು ಗೋಡೆಯುದ್ದಕ್ಕೆ ಇಳಿಬಿಟ್ಟು ನೋಡಿದರು. ಗೋಡೆ ನೆಟ್ಟಗಿತ್ತು. ಮನೆಯಿಂದ ದೂರವಾಗಿ, ಕೆಳಗಿನ ಓಣಿಯ ಕಡೆಗೆ ಸರಿಯುತ್ತಿದ್ದುದು ಬಂಡೆ. ಅದೂ ವರ್ಷದಿಂದ ವರ್ಷಕ್ಕೆ ಹೆಚ್ಚು ವೇಗದಲ್ಲಿ.

ಅಮೀನಸಾಬರಿಗೆ ಹೆಸರು ಮರಳಿ ಬಂದ ಸಂತೋಷ. "ಕೇಳ್ರೆಪಾ, ಗೋಡಿ ಅಲ್ಲಂತ, ಗುಂಡು ಸರಿಲಾಕತ್ತದಂತ!" ಎಂದು ಕೂಗುತ್ತ ಓಣಿಯಿಳಿದವರು ತಮ್ಮ ಬಾಗಿಲಿಗೆ ಬಂದೊಡನೆ ತಿರುಗಿ ಮೇಲಿನ ಬಂಡೆಯನ್ನು ನೋಡಿದರು. ಬಂಡೆಯ ದಾರಿಯಲ್ಲಿದ್ದ ನಾಲ್ಕು ಮನೆಗಳಲ್ಲಿ ಮೊದಲನೆಯದು ಅವರದೇ.

ಬಂಡೆ ಸರಿದರೆ ತಿಳಿಯಲೆಂದು ಮೌನೇಶ್ವರಿಯವರು ಸಂದಿಗೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿಗಳು ಯುಗಾದಿಯ ಹೊತ್ತಿಗೆ ಸೀಳಿದವು. ಬಂಡೆಯನ್ನು ಒಡೆಯಹೋದರೆ ಆ ಪೆಟ್ಟಿಗೇ ಅದು ಜಾರುವ ಭಯ. ಮಳೆಗೆ ಮುಂಚೆ ಮನೆ ಬಿಡುವುದೊಂದೇ ದಾರಿಯಾಗಿತ್ತು. ಕಚೇರಿಗಳಿಗೆ ಅಲೆದು ನಾಲ್ಕೂ ಕುಟುಂಬಗಳಿಗೆ, ಜೊತೆಗೆ ಮರಿಲಿಂಗಮ್ಮನವರಿಗೂ, ಶಾದಿಮಹಲಿನಲ್ಲಿ ಇರಲು ಒಪ್ಪಿಗೆ ಪಡೆದವರು ಮೌನೇಶ್ವರಿಯವರೇ. ಆದರೆ ಮುಂಗಾರು ಬಂತು, ಬಂಡೆ ಕದಲಲಿಲ್ಲ. ಅಮೀನಸಾಬರ ಪತ್ನಿ ಶರೀಫಾಬೀ ನಗುನಗುತ್ತಲೇ ಚುಚ್ಚಿದರು:

"ಏ ಮೌನೇಶಿ, ಬೀಳೂದಿದ್ರ ಲಗು ಬೀಳಂತ ನಿನ್ನ ಗುಂಡಿಗಿ ಹೇಳ. ಮದಿವಿ ಇಲ್ಲದ ಶಾದಿಮಹಲ್‌ದಾಗ ಎಷ್ಟು ದಿನ ಕುಂದ್ರೂದು?"

"ಚಾಚೀ, ನಾ ತಪ್ಪಾದ್ರ ಊರೆಲ್ಲಾ ನಗಲಿ. ನೀವು ಹೊಳ್ಳಿ ಹೋಗಿ ನಾ ಖರೇ ಆದ್ರ ಏನ್ ಮಾಡ್ಲಿ?"

ಮಾತು ಗಟ್ಟಿಯಾಗಿತ್ತು, ಮನಸ್ಸು ತೊಳಲುತ್ತಿತ್ತು. ತಮ್ಮ ಲೆಕ್ಕ ಸುಳ್ಳಾದರೆ ಈ ಗುಡ್ಡದ ಜನ ಮುಂದೆಂದೂ ಯಾರ ಎಚ್ಚರಿಕೆಗೂ ಕಿವಿಗೊಡಲಾರರು ಎಂದು ಅವರಿಗೆ ಗೊತ್ತಿತ್ತು. ಆದರೂ ರಜೆ ಮುಂದುವರಿಸಿ, ದಿನಾ ಬಂಡೆಯನ್ನು ಅಳೆದು, ಮಧ್ಯಾಹ್ನ ಶಾದಿಮಹಲಿಗೆ ಹೋಗಿ ಬೈಗುಳದ ಜೊತೆಗೆ ಶರೀಫಾಬೀಯವರ ಚಹಾವನ್ನೂ ಕುಡಿದು ಬರುತ್ತಿದ್ದರು.

ಶ್ರಾವಣದ ಜಡಿಮಳೆಯಲ್ಲಿ ಒಂದು ಮಧ್ಯಾಹ್ನ ಬಂಡೆ ಜಾರಿತು. ನಾಲ್ಕೂ ಮನೆಗಳು ನುಚ್ಚುನೂರಾದವು. ಒಳಗೆ ಒಂದು ಕೋಳಿಯೂ ಇರಲಿಲ್ಲ. ಸದ್ದಡಗಿದ ಮೇಲೆ ಎಲ್ಲರೂ ಓಡಿ ಬಂದಾಗ, ಅಮೀನಸಾಬರು ತಮ್ಮ ಮನೆಯಿದ್ದ ಜಾಗ ಬಿಟ್ಟು ಮೇಲಕ್ಕೆ ಕೈ ತೋರಿಸಿದರು: "ಮರಿಲಿಂಗಕ್ಕಾ, ಈಗರ ನೋಡ್ರಿ. ನನ್ನ ಗೋಡಿ ಹ್ಯಾಂಗ ನಿಂತದ!" ಶರೀಫಾಬೀ ಅಳುತ್ತ ನಗುತ್ತ ಮೌನೇಶ್ವರಿಯವರನ್ನು ತಬ್ಬಿಕೊಂಡರು.

ಆ ಕುಟುಂಬಗಳು ಈಗ ಸಮತಟ್ಟಾದ ಜಾಗದಲ್ಲಿ ಮನೆ ಕಟ್ಟಿಕೊಂಡಿವೆ. ಸುರಪುರ, ಶಹಾಪುರ, ಯಾದಗಿರಿಗಳ ಗುಡ್ಡದಂಚಿನ ಓಣಿಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸವನ್ನು ನಿವೃತ್ತಿಯ ಮೊದಲ ದಿನದಿಂದಲೇ ಹಿಡಿಯುವುದಾಗಿ ಡಾ. ಮೌನೇಶ್ವರಿಯವರು ತಿಳಿಸಿದ್ದಾರೆ. ಈ ಗುಡ್ಡಗಳನ್ನೆಲ್ಲ ಹತ್ತಿಳಿಯುವ ಕಸುವು ಅವರ ಮೊಣಕಾಲುಗಳಿಗಿರಲಿ. ಅವರು ಬಾಗಿಲು ತಟ್ಟಿದ ಪ್ರತಿ ಮನೆಯೂ ನೂರು ಮಳೆಗಾಲ ಕಾಣಲಿ. ಆ ಮಳೆಗಾಲಗಳನ್ನು ನೋಡುವಷ್ಟು ಆಯುಷ್ಯ ಅವರಿಗೂ ಸಿಗಲಿ.